ಶಿರಸಿಯಿಂದ ಕುಮಟಾಕ್ಕೆ ನಾಟಾ (ಮರದ ದಿಮ್ಮಿ) ಇಳಿಸುವುದು ಹೇಗೆ: ಪಾಸಿನಿಂದ ಹಗ್ಗದವರೆಗೆ

ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ಬೆಳಿಗ್ಗೆ ದೋಸೆ ತಿಂದು ಹೊರಟರೆ ಊಟದ ಹೊತ್ತಿಗೆ ವಾಪಸ್ ಬರಬಹುದು ಅನ್ನಿಸುವಷ್ಟು ಹತ್ತಿರ. ಎಡವಟ್ಟು ಆಗುವುದೇ ಈ "ಹತ್ತಿರ" ಅನ್ನುವ ಲೆಕ್ಕದಿಂದ. ಹುಬ್ಬಳ್ಳಿ ದಾಟಿ ಪುಣೆಗೆ ಹೋಗುವ ಲಾರಿಯವರು ನಾಲ್ಕು ಸಲ ಹಗ್ಗ ನೋಡುತ್ತಾರೆ. ಕುಮಟಾಕ್ಕೆ ಹೋಗುವವರು ಒಂದು ಸಲವೂ ನೋಡುವುದಿಲ್ಲ. ಪಾಸ್ ಆಮೇಲೆ ನೋಡೋಣ, ತೂಕ ಅಂದಾಜಲ್ಲೇ ಸಾಕು, ಕಟ್ಟಿದ್ದು ಗಟ್ಟಿ ಇದೆ ಬಿಡಿ ಅನ್ನುತ್ತಾ ಹೊರಟು, ಒಂದೋ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುತ್ತಾರೆ, ಇಲ್ಲಾ ದಾರಿಯ ದೇವಿಮನೆ ಘಟ್ಟದ ಅರ್ಧದಲ್ಲಿ ಬ್ರೇಕ್ ಡ್ರಮ್ಮಿನ ಹೊಗೆ ನೋಡುತ್ತಾ ನಿಲ್ಲುತ್ತಾರೆ.

ತೋಟದ ಅಂಚಿನ ತೇಗವನ್ನೋ ಅಕೇಶಿಯಾವನ್ನೋ ಮಾರಿ, ಲಾರಿ ಬಾಡಿಗೆಗೆ ಹಿಡಿದು, ಘಟ್ಟದ ಕೆಳಗಿನ ಸಾಮಿಲ್ಲಿಗೆ ಕಳಿಸುವ ಮಾಲ್ಕಿ (ಸ್ವಂತ) ಜಮೀನಿನವರಿಗೆ, ಹೊಸದಾಗಿ ಈ ಕೆಲಸಕ್ಕೆ ಇಳಿದ ಲಾರಿ ಮಾಲೀಕರಿಗೆ ಇದನ್ನು ಬರೆದಿದ್ದೇನೆ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಸೋಲುವುದು ಕೆಲಸ ಗೊತ್ತಿಲ್ಲದೆ ಅಲ್ಲ, ಮೂರನೆಯದನ್ನು ಮೊದಲು ಮಾಡುವುದರಿಂದ.

ಮೊದಲೇ ಜೋಡಿಸಿಕೊಳ್ಳಬೇಕಾದ ಸಾಮಾನು

ಅಳತೆ ಟೇಪು (ಬಟ್ಟೆಯದು ಬೇಡ, ಒದ್ದೆಯಾದರೆ ಎಳೆಯುತ್ತದೆ), ದಿಮ್ಮಿಯ ತುದಿಗೆ ನಂಬರ್ ಬರೆಯಲು ಪೇಂಟು, ಎರಡು ಗಟ್ಟಿ ಹಾರೆ, ಬೆಣೆ ಮಾಡಲು ಗಟ್ಟಿ ಜಾತಿಯ ಕಟ್ಟಿಗೆ ತುಂಡುಗಳು, ಲಾರಿಯ ಎರಡೂ ಬದಿಗೆ ನಿಲ್ಲಿಸಲು ಕಬ್ಬಿಣದ ಗೂಟಗಳು, ಸರಪಳಿ ಅಥವಾ ರ‍್ಯಾಚೆಟ್ ಬೆಲ್ಟು, ಚಕ್ರಕ್ಕೆ ಅಡ್ಡ ಕೊಡಲು ಎರಡು ದಪ್ಪ ತುಂಡು, ಹಿಂದೆ ಕಟ್ಟಲು ಕೆಂಪು ಬಟ್ಟೆ, ರಿಫ್ಲೆಕ್ಟರ್ ತ್ರಿಕೋನ, ಟಾರ್ಚು. ಹಳೆಯ ನೈಲಾನ್ ಹಗ್ಗ ಟಾರ್ಪಲ್ ಕಟ್ಟುವುದಕ್ಕೆ ಸಾಕು, ದಿಮ್ಮಿ ಕಟ್ಟುವುದಕ್ಕಲ್ಲ. ಅದು ಭಾರಕ್ಕೆ ಹಿಗ್ಗುತ್ತದೆ. ಒದ್ದೆ ತೊಗಟೆಯ ಮೇಲೆ ಜಾರುತ್ತದೆ ಕೂಡ.

ಹಂತ 1: ಕಾಗದ, ಮತ್ತು ಅದರೊಳಗಿನ ಕ್ರಮ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಘಟ್ಟದಲ್ಲಿ ಲಾರಿ ಕೆಟ್ಟರೆ ಒಂದು ದಿನ ಹಾಳಾಗುತ್ತದೆ. ಕಾಗದ ಕೆಟ್ಟರೆ ಲಾರಿಯೇ ಹೋಗುತ್ತದೆ.

ಕ್ರಮ ಹೀಗಿದೆ. ಮರ ಕಡಿಯುವ ಅನುಮತಿ, ಕಡಿಯುವುದು, ದಿಮ್ಮಿಯಾಗಿ ತುಂಡು ಮಾಡುವುದು, ಪ್ರತಿ ದಿಮ್ಮಿಗೆ ನಂಬರ್, ಅಳತೆ ಪಟ್ಟಿ, ಅರಣ್ಯ ಇಲಾಖೆಯವರ ಪರಿಶೀಲನೆ ಮತ್ತು ಹ್ಯಾಮರ್ ಗುರುತು (ದಿಮ್ಮಿಯ ತುದಿಗೆ ಸುತ್ತಿಗೆಯಿಂದ ಒತ್ತುವ ಮುದ್ರೆ), ಆಮೇಲೆ ಇಲಾಖೆಯ ಸಾಗಣೆ ಪಾಸ್. ಲಾರಿ ತುಂಬುವುದು ಇದೆಲ್ಲ ಮುಗಿದ ಮೇಲೆ. "ಲಾರಿ ಖಾಲಿ ಬಂದಿದೆ, ಹಮಾಲರೂ ಇದ್ದಾರೆ, ತುಂಬಿಟ್ಟುಬಿಡೋಣ, ಪಾಸ್ ನಾಳೆ ಬರುತ್ತದೆ" ಅಂದವರು ಮರುದಿನ ಅದೇ ಹಮಾಲರಿಗೆ ಇಳಿಸುವ ಕೂಲಿ ಕೊಟ್ಟಿದ್ದಾರೆ, ಯಾಕೆಂದರೆ ನಡುವೆ ಸಿಕ್ಕಿಕೊಂಡ ದಿಮ್ಮಿಯ ನಂಬರ್ ನೋಡಲು ಬೇರೆ ದಾರಿಯೇ ಇಲ್ಲ.

ಕಡಿಯುವ ಅನುಮತಿ ಬರುವುದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಕೆಳಗೆ. ಸಾಗಣೆಯ ಹಿಡಿತ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿದೆ. ಎರಡೂ ಬೇರೆ ಬೇರೆ. ಕಡಿಯಲು ಅನುಮತಿ ಸಿಕ್ಕಿತು ಅಂದರೆ ಸಾಗಿಸಲೂ ಸಿಕ್ಕಿತು ಅಂತ ಅರ್ಥ ಅಲ್ಲ. ಹಾಗೆಯೇ ಕೆಲವು ಜಾತಿಯ ಮರಗಳಿಗೆ ರಿಯಾಯಿತಿ ಇದೆ. ಆ ಪಟ್ಟಿ ಆಗಾಗ ಬದಲಾಗುತ್ತದೆ. ಪಕ್ಕದ ಮನೆಯವರು "ಅಕೇಶಿಯಾಕ್ಕೆ ಏನೂ ಬೇಡ ಮಾರಾಯ" ಅಂದದ್ದನ್ನು ನಂಬಿ ಹೊರಡಬೇಡಿ. ಅರಣ್ಯ ಇಲಾಖೆಯ ನಿಮ್ಮ ರೇಂಜ್ ಕಚೇರಿಗೆ ಹೋಗಿ ಜಾತಿ ಹೆಸರು ಹೇಳಿ ಕೇಳಿ. ಪಾಸ್ ಬೇಡದ ಮರವಾದರೂ ಪಹಣಿ ಪ್ರತಿ, ಮಾರಿದ ಚೀಟಿ ಕೈಯಲ್ಲಿರಲಿ. ರಾಶಿ ಬಿದ್ದ ದಿಮ್ಮಿ ನಿಮ್ಮ ಜಮೀನಿನದ್ದೇ ಅಂತ ತೋರಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ.

ಇನ್ನೊಂದು ಮಾತು, ಘಟ್ಟದ ಮೇಲಿನವರಿಗೆ. ಸೊಪ್ಪಿನ ಬೆಟ್ಟ ಮಾಲ್ಕಿ ಅಲ್ಲ. ಅಲ್ಲಿಂದ ಸೊಪ್ಪು, ದರಕು (ಒಣ ಎಲೆ) ತರುವ ಸೌಲಭ್ಯ ಇದೆ, ನಾಟಾ ಕಡಿದು ಮಾರುವ ಹಕ್ಕಿಲ್ಲ. ತೋಟಕ್ಕೂ ಬೆಟ್ಟಕ್ಕೂ ಗಡಿ ಮಸುಕಾಗಿರುವ ಕಡೆ ಮರ ಯಾವ ಸರ್ವೆ ನಂಬರಿನಲ್ಲಿದೆ ಅಂತ ಕಡಿಯುವ ಮೊದಲೇ ಖಾತ್ರಿ ಮಾಡಿಕೊಳ್ಳಿ. ಕಡಿದ ಮೇಲೆ ಅಳೆಸಿದರೆ ಬುಡ ಎಲ್ಲಿ ಉಳಿದಿದೆಯೋ ಅದೇ ಸಾಕ್ಷಿ.

ಪಾಸ್ ಕೈಗೆ ಬಂದ ತಕ್ಷಣ ಅಲ್ಲೇ ನಿಂತು ಐದು ವಿಷಯ ಓದಿ: ಲಾರಿ ನಂಬರ್, ದಿಮ್ಮಿಗಳ ಸಂಖ್ಯೆ ಮತ್ತು ಅಳತೆ, ಹೋಗುವ ಜಾಗ, ಹೋಗುವ ದಾರಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ನಡೆಯುತ್ತದೆ ಎಂಬುದು. ಲಾರಿ ನಂಬರಿನಲ್ಲಿ ಒಂದು ಅಂಕಿ ಆಚೀಚೆ ಆದರೂ ಕೌಂಟರಿನಲ್ಲೇ ತಿದ್ದಿಸಿ, ನೀವೇ ಪೆನ್ ಹಿಡಿದು ತಿದ್ದಬೇಡಿ. ರಾತ್ರಿ ಸಾಗಿಸಬಹುದು ಅಂತ ಬರೆದಿಲ್ಲದಿದ್ದರೆ ಕತ್ತಲಾದ ಮೇಲೆ ಚಕ್ರ ಉರುಳಬಾರದು. ಸಂಜೆ ನಾಲ್ಕಕ್ಕೆ ತುಂಬಿ ಮುಗಿಯಿತು ಅಂದರೆ ಅವತ್ತು ಹೊರಡಬೇಡಿ, ಬೆಳಿಗ್ಗೆಯ ಸಮಯಕ್ಕೆ ಪಾಸ್ ಮಾಡಿಸಿಕೊಳ್ಳಿ.

ಪಾಸ್ ಇಲ್ಲದ ಅಥವಾ ಪಾಸಿಗೆ ಹೊಂದದ ಮಾಲು ಸಿಕ್ಕರೆ ಅರಣ್ಯ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ಮಾಲಿನ ಜೊತೆಗೆ ವಾಹನವನ್ನೂ ಹಿಡಿಯುತ್ತಾರೆ. 71-ಎ ಸೆಕ್ಷನ್ನಿನಲ್ಲಿ ಮುಟ್ಟುಗೋಲಿನವರೆಗೂ ಹೋಗಬಹುದು. "ಡ್ರೈವರಿಗೆ ಗೊತ್ತಿರಲಿಲ್ಲ" ಅನ್ನುವ ಮಾತು ಅಷ್ಟು ಸುಲಭಕ್ಕೆ ನಡೆಯುವುದಿಲ್ಲ. ಬಾಡಿಗೆಗೆ ಲಾರಿ ಕೊಡುವವರೇ, ನಿಮ್ಮ ಲಾರಿ ಇದು. ಪಾಸ್ ನೋಡದೆ ಚಾವಿ ಕೊಡಬೇಡಿ.

ಪಾಸಿನ ಜೊತೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿ ಲೆಕ್ಕದಲ್ಲಿ ಆನ್‌ಲೈನ್ ಮಾಡುವ ಚೀಟಿ) ಬೇರೆ ಇದೆ. ಮಾಲಿನ ಬೆಲೆ 50,000 ರೂಪಾಯಿ ದಾಟಿದರೆ ಬೇಕು. ಮಾರುವವರು ಜಿಎಸ್‌ಟಿ ನೋಂದಣಿ ಇಲ್ಲದ ರೈತರು, ಕೊಳ್ಳುವವರು ನೋಂದಣಿ ಇರುವ ವ್ಯಾಪಾರಿ ಆಗಿದ್ದರೆ ಬಿಲ್ ಮಾಡುವ ಜವಾಬ್ದಾರಿ ಕೊಳ್ಳುವವರದು. ಬಿಲ್ಲಿನಲ್ಲಿ ಹಾಕುವ ಮಾಲಿನ ಕೋಡ್ ದಿಮ್ಮಿಗೆ 4403, ಕೊಯ್ದ ಹಲಗೆ-ರೀಪಿಗೆ 4407, ಇವು ಅದಲು ಬದಲಾಗುವುದು ತುಂಬಾ ಸಾಮಾನ್ಯ. "50 ಕಿಲೋಮೀಟರ್ ಒಳಗೆ ಆದ್ರೆ ಲಾರಿ ನಂಬರ್ ಹಾಕೋದು ಬೇಡ" ಅನ್ನುವ ಮಾತು ಅರ್ಧ ಸತ್ಯ. ಆ ರಿಯಾಯಿತಿ ಮಾಲು ಟ್ರಾನ್ಸ್‌ಪೋರ್ಟ್‌ನವರ ಗೋದಾಮಿಗೆ ಹೋಗುವ ಮೊದಲ ತುಣುಕು ದಾರಿಗೆ ಮಾತ್ರ. ಸೀದಾ ಮಿಲ್ಲಿಗೆ ಹೋಗುವ ಲಾರಿಗೆ ಅಲ್ಲ.

ಹಂತ 2: ಲಾರಿ ನೋಡುವುದು

ಆರು ಚಕ್ರದ ಲಾರಿ ಸಾಕು. ತೋಟದ ಮಣ್ಣು ರಸ್ತೆಯಿಂದ ಹೊರಗೆ ಬರಬೇಕು, ಘಟ್ಟದ ತಿರುವು ಸುತ್ತಬೇಕು. ಹತ್ತು ಚಕ್ರದ್ದು ಬಾಡಿಗೆ ಲೆಕ್ಕದಲ್ಲಿ ಅಗ್ಗ ಕಾಣಿಸುತ್ತದೆ, ಆದರೆ ಸೇರುವ ರಸ್ತೆಯಲ್ಲೇ ಹುಗಿದು ಜೆಸಿಬಿ ಕರೆಸಿದರೆ ಆ ಉಳಿತಾಯ ಅಲ್ಲೇ ಹೋಯಿತು.

ಆರ್‌ಸಿ ತೆಗೆದು ಎರಡು ಅಂಕಿ ನೋಡಿ: ಒಟ್ಟು ತೂಕ, ಖಾಲಿ ತೂಕ. 2018ರ ಜುಲೈಯಲ್ಲಿ ಆಕ್ಸಲ್ ತೂಕದ ಮಿತಿ ಏರಿಸಿದರು. ಎರಡು ಆಕ್ಸಲ್ಲಿನ ಆರು ಚಕ್ರದ ಲಾರಿಗೆ 16.2 ಟನ್ ಇದ್ದದ್ದು 18.5 ಟನ್ ಆಯಿತು, ಹತ್ತು ಚಕ್ರದ್ದು 25ರಿಂದ 28.5ಕ್ಕೆ ಬಂತು. ಆದರೆ ಹಳೆಯ ಲಾರಿಯ ಆರ್‌ಸಿಯಲ್ಲಿ ಹಳೆಯ ಅಂಕಿಯೇ ಇದ್ದರೆ ನಿಮಗೆ ಅದೇ ಮಿತಿ. ಟಿವಿಯಲ್ಲಿ ಕೇಳಿದ್ದಲ್ಲ, ಆರ್‌ಸಿಯಲ್ಲಿ ಇದ್ದದ್ದು ಲೆಕ್ಕ.

ಬ್ರೇಕ್ ಪರೀಕ್ಷೆ ಐದು ನಿಮಿಷದ ಕೆಲಸ. ಬ್ರೇಕಿನ ಗಾಳಿ ಪೂರ್ತಿ ತುಂಬಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಇಂಜಿನ್ ಆಫ್ ಮಾಡಿ, ಬ್ರೇಕ್ ಒತ್ತಿ ಹಿಡಿಯಿರಿ. ಒಬ್ಬರು ಕೆಳಗಿಳಿದು ಕಿವಿ ಕೊಡಲಿ. "ಸುಯ್" ಅಂತ ಕೇಳಿದರೆ, ಗೇಜಿನ ಮುಳ್ಳು ಕಣ್ಣಿಗೆ ಕಾಣುವಂತೆ ಇಳಿಯುತ್ತಿದ್ದರೆ, ಆ ಲಾರಿ ಘಟ್ಟಕ್ಕೆ ಬೇಡ. ಎಕ್ಸಾಸ್ಟ್ ಬ್ರೇಕ್ (ಇಂಜಿನ್ನಿನ ಹೊಗೆ ತಡೆದು ವೇಗ ಇಳಿಸುವುದು) ಕೆಲಸ ಮಾಡುತ್ತದಾ ಅಂತ ಬಾಯಲ್ಲಿ ಕೇಳಬೇಡಿ, ಓಡಿಸಿ ನೋಡಿ. ಹಿಂದಿನ ಜೋಡಿ ಟೈರಿನ ನಡುವೆ ಕಲ್ಲು ಸಿಕ್ಕಿದೆಯಾ, ಸ್ಪ್ರಿಂಗ್ ಪ್ಲೇಟು ಬಿರುಕು ಬಿಟ್ಟಿದೆಯಾ, ಕ್ಯಾಬಿನ್ ಹಿಂದಿನ ಅಡ್ಡ ಹಲಗೆ ಗಟ್ಟಿ ಇದೆಯಾ ನೋಡಿ. ಕೊನೆಯದನ್ನು ಯಾರೂ ನೋಡುವುದಿಲ್ಲ. ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಬಿದ್ದಾಗ ದಿಮ್ಮಿಗೂ ಡ್ರೈವರನ ಬೆನ್ನಿಗೂ ನಡುವೆ ಇರುವುದು ಅದೊಂದೇ.

ಹಂತ 3: ತೂಕದ ಲೆಕ್ಕ, ಹೆಚ್ಚಿನವರು ತಪ್ಪುವುದು ಇಲ್ಲೇ

ನಮ್ಮಲ್ಲಿ ದಿಮ್ಮಿ ಅಳೆಯುವುದು ಕಾಲು ಸುತ್ತಳತೆಯ ಲೆಕ್ಕದಲ್ಲಿ. ದಿಮ್ಮಿಯ ಮಧ್ಯದ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು, 4ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ ಸಿಎಫ್‌ಟಿ (ಘನ ಅಡಿ). ಉದಾಹರಣೆಗೆ 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಲೆಕ್ಕಕ್ಕೆ ಸರಿಯಾಗಿ 10 ಸಿಎಫ್‌ಟಿ.

ವ್ಯಾಪಾರಕ್ಕೆ ಇದು ಸರಿ. ತೂಕಕ್ಕೆ ಮಾತ್ರ ಇದು ಮೋಸ. ಕಾಲು ಸುತ್ತಳತೆಯ ಲೆಕ್ಕ ದಿಮ್ಮಿಯ ನಿಜವಾದ ಗಾತ್ರದ ಶೇಕಡಾ 78.5ರಷ್ಟನ್ನು ಮಾತ್ರ ಹಿಡಿಯುತ್ತದೆ. ಕೊಯ್ಯುವಾಗ ಹೋಗುವ ಸಿಪ್ಪೆ-ಹೊಟ್ಟನ್ನು ಬಿಟ್ಟು ಲೆಕ್ಕ ಹಾಕುವ ಹಳೆಯ ಪದ್ಧತಿ ಅದು. ಆದರೆ ಲಾರಿಯ ಮೇಲೆ ಸಿಪ್ಪೆಯೂ ಏರುತ್ತದೆ ಅಲ್ವಾ? ಹಾಗಾಗಿ ತೂಕ ಬೇಕಾದಾಗ ಸಿಎಫ್‌ಟಿಯನ್ನು 1.27ರಿಂದ ಗುಣಿಸಿ. ಮೇಲಿನ 10 ಸಿಎಫ್‌ಟಿ ದಿಮ್ಮಿ ನಿಜಕ್ಕೂ 12.7.

ಎರಡನೆಯ ಮೋಸ ಹಸಿತನ. ಒಣಗಿದ ತೇಗ ಒಂದು ಘನ ಮೀಟರಿಗೆ 650ರಿಂದ 700 ಕಿಲೋ ತೂಗುತ್ತದೆ ಅಂತ ಪುಸ್ತಕದಲ್ಲಿ ಇರುತ್ತದೆ. ನಿಮ್ಮ ಅಂಗಳದಲ್ಲಿ ಬಿದ್ದಿರುವುದು ಹಸಿ ಮರ. ಹಸಿ ದಿಮ್ಮಿಗೆ ಘನ ಮೀಟರಿಗೆ 1 ಟನ್ ಅಂತಲೇ ಹಿಡಿಯಿರಿ. ಮತ್ತಿಯಂಥ ಗಟ್ಟಿ ಮರ ಹಸಿ ಇದ್ದಾಗ ಅದನ್ನೂ ಮೀರುತ್ತದೆ, ಹೊಳೆಗೆ ಹಾಕಿದರೆ ಮುಳುಗುತ್ತದೆ. ಒಂದು ಘನ ಮೀಟರ್ ಅಂದರೆ 35.3 ಘನ ಅಡಿ.

ಈಗ ಕೂಡಿಸಿ ನೋಡಿ. 18.5 ಟನ್ನಿನ ಲಾರಿ, ಖಾಲಿ ತೂಕ 7 ಟನ್ ಅಂದುಕೊಳ್ಳಿ. ತುಂಬಬಹುದಾದದ್ದು 11.5 ಟನ್, ಅಂದರೆ ಹಸಿ ಮರ 11.5 ಘನ ಮೀಟರ್, ಅಂದರೆ ನಿಜ ಗಾತ್ರ 406 ಘನ ಅಡಿ. ನಿಮ್ಮ ಕಾಲು ಸುತ್ತಳತೆಯ ಪಟ್ಟಿಯಲ್ಲಿ ಅದು ಬರೀ 320 ಸಿಎಫ್‌ಟಿಯ ಹತ್ತಿರ. ತುಂಬುವ ಜಾಗದಲ್ಲಿ ಏನಾಗುತ್ತದೆ ಗೊತ್ತಲ್ಲ. "ಹೆಗಡೇರೇ, ಇನ್ನೂ ಜಾಗ ಇದ್ದು, 450 ಸಿಎಫ್‌ಟಿ ಆರಾಮ ಹಿಡೀತು" ಅನ್ನುತ್ತಾರೆ. ಹಿಡಿಯುತ್ತದೆ, ಜಾಗ ಇದೆ. ತೂಕ 16 ಟನ್ ದಾಟಿರುತ್ತದೆ. ಮಿತಿಗಿಂತ 4 ಟನ್ನಿಗೂ ಹೆಚ್ಚು.

ದಂಡ: ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿನಲ್ಲಿ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ಜೊತೆಗೆ ಹೆಚ್ಚಾದದ್ದನ್ನು ಅಲ್ಲೇ ಇಳಿಸಬೇಕು. ಇಳಿಸಿದ ದಿಮ್ಮಿ ರಸ್ತೆ ಬದಿಯಲ್ಲಿ, ಪಾಸ್ ಲಾರಿಯಲ್ಲಿ. ಈಗ ಆ ದಿಮ್ಮಿಗೆ ಕಾಗದ ಎಲ್ಲಿದೆ? ಒಂದು ತಪ್ಪು ಇನ್ನೊಂದಕ್ಕೆ ಬಾಗಿಲು ತೆಗೆಯುವುದು ಹೀಗೆ. ಎರಡು ಟ್ರಿಪ್ ಮಾಡಿ, ಎರಡು ಪಾಸ್ ತೆಗೆಸಿ.

ಹಂತ 4: ತುಂಬುವುದು

ತುಂಬುವ ಜಾಗ ಮಟ್ಟಸ ಇರಲಿ. ಲಾರಿ ಒಂದು ಕಡೆ ವಾಲಿ ನಿಂತರೆ ಇಡೀ ರಾಶಿ ಆ ಕಡೆಗೇ ಕೂರುತ್ತದೆ, ಮತ್ತೆ ಸರಿಯಾಗುವುದಿಲ್ಲ. ಗೇರ್‌ನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ.

ಮೊದಲ ಸಾಲು ದೊಡ್ಡ ದಿಮ್ಮಿಗಳದು. ಉದ್ದದ್ದು, ನೇರ ಇರುವುದು ಎರಡೂ ಬದಿಗೆ ಗೂಟಕ್ಕೆ ತಾಗಿ. ಪ್ರತಿ ಬದಿಯ ದಿಮ್ಮಿಗೂ ಕನಿಷ್ಠ ಎರಡು ಗೂಟದ ಆಸರೆ ಸಿಗಬೇಕು, ಗೂಟ ದಾಟಿ ಆಚೆ ಒಂದು ಅಡಿಯಾದರೂ ದಿಮ್ಮಿ ಚಾಚಿರಬೇಕು. ಒಂದೇ ಗೂಟದ ಮೇಲೆ ನಿಂತ ಗಿಡ್ಡ ತುಂಡು ತಿರುವಿನಲ್ಲಿ ಬಾಗಿಲಿನ ಹಾಗೆ ತೆರೆದುಕೊಳ್ಳುತ್ತದೆ. ಗಿಡ್ಡ ತುಂಡುಗಳನ್ನು ನಡುವೆ, ಉದ್ದದವುಗಳ ತೊಡೆಯ ಮೇಲೆ ಕೂರಿಸಿ. ಬುಡದ ಕಡೆ ಒಂದು ಹಿಂದೆ, ಇನ್ನೊಂದು ಮುಂದೆ, ಹೀಗೆ ಅದಲು ಬದಲು ಹಾಕಿದರೆ ಸಾಲು ಸಮ ಬರುತ್ತದೆ. ಎಲ್ಲಾ ಬುಡ ಹಿಂದಕ್ಕೇ ಹಾಕಿದರೆ ಹಿಂಭಾಗ ಭಾರವಾಗಿ ಸ್ಟೇರಿಂಗ್ ಹಗುರ ಅನ್ನಿಸಲು ಶುರುವಾಗುತ್ತದೆ. ಏರಿನಲ್ಲಿ ಸ್ಟೇರಿಂಗ್ ಹಗುರ ಆದರೆ ಅದು ಸುಖ ಅಲ್ಲ, ಎಚ್ಚರಿಕೆ.

ಮುಂದಿನ ಹಲಗೆಗೂ ದಿಮ್ಮಿಗೂ ನಡುವೆ ಸಂದು ಬಿಡಬೇಡಿ. ಅರ್ಧ ಅಡಿ ಸಂದು ಇದ್ದರೂ ಮಾಲು ಅಷ್ಟು ದೂರ ವೇಗ ಪಡೆದು ಬಂದು ಗುದ್ದುತ್ತದೆ. ದಿಮ್ಮಿ ಗಿಡ್ಡ ಇದ್ದರೆ ಸಂದಿಗೆ ತುಂಡು ತುಂಬಿ ಬೆಣೆ ಹೊಡೆಯಿರಿ.

ಮೇಲಕ್ಕೆ ಹೋದಂತೆ ರಾಶಿ ಒಳಕ್ಕೆ ಬರಲಿ, ನಡು ಉಬ್ಬಿರಲಿ. ಬದಿಯ ದಿಮ್ಮಿಯ ನಡುಭಾಗ ಗೂಟದ ತುದಿಗಿಂತ ಕೆಳಗೇ ಇರಬೇಕು. ನಡು ಯಾಕೆ ಉಬ್ಬಬೇಕು ಅಂದರೆ, ಸರಪಳಿ ಬಿಗಿದಾಗ ಅದು ಎಲ್ಲಾ ದಿಮ್ಮಿಯನ್ನೂ ಕೆಳಗೆ ಒತ್ತಬೇಕು. ಮೇಲ್ಭಾಗ ಚಪ್ಪಟೆ ಇದ್ದರೆ ಸರಪಳಿ ಎರಡು ಮೂಲೆಯನ್ನು ಮಾತ್ರ ಹಿಡಿಯುತ್ತದೆ, ನಡುವಿನ ದಿಮ್ಮಿ ಸುಮ್ನೆ ಮಲಗಿರುತ್ತದೆ, ಮೊದಲ ಬ್ರೇಕಿಗೆ ಅದೇ ಜಾರುವುದು. ಹಿಂದೆ ಹಲಗೆಯಿಂದ ಆಚೆಗೆ, ಅಕ್ಕಪಕ್ಕ ಬಾಡಿಯಿಂದ ಆಚೆಗೆ ಯಾವುದೂ ಚಾಚಬಾರದು. ಅದಕ್ಕೂ 20,000 ರೂಪಾಯಿಯ ಬೇರೆ ದಂಡ ಇದೆ.

ನಂಬರ್ ಬರೆದ ತುದಿ, ಹ್ಯಾಮರ್ ಗುರುತು, ಎಲ್ಲಾ ಹಿಂದಕ್ಕೆ ಮುಖ ಮಾಡಿರಲಿ. ಅದಕ್ಕಾಗಿಯೇ ನಂಬರ್ ಹಾಕುವಾಗ ಎರಡೂ ತುದಿಗೆ ಬರೆದುಬಿಡಿ, ಹ್ಯಾಮರ್ ಗುರುತೂ ಎರಡೂ ಕಡೆ ಬೀಳಲಿ ಅಂತ ಕೇಳಿಕೊಳ್ಳಿ. ಬುಡ-ತುದಿ ಅದಲು ಬದಲು ಮಾಡಿದರೂ ಆಗ ತೊಂದರೆ ಇಲ್ಲ. ಅರಣ್ಯ ಗಾರ್ಡ್ ಟಾರ್ಚು ಹಾಕಿ ಹಿಂದಿನಿಂದಲೇ ಎಣಿಸಿ ಬಿಡುವ ಹಾಗಿದ್ದರೆ ಚೆಕ್‌ಪೋಸ್ಟು ಐದು ನಿಮಿಷ. ಇಲ್ಲದಿದ್ದರೆ ಅರ್ಧ ದಿನ.

ದಿಮ್ಮಿ ಉರುಳಿಸುವಾಗ ಕೆಳಭಾಗದಲ್ಲಿ ಯಾರೂ ನಿಲ್ಲಬಾರದು. ಎರಡು ಜಾರುಕಂಬ ಇಟ್ಟು ಹಗ್ಗದಲ್ಲಿ ಎಳೆದು ಹತ್ತಿಸುವ ಕಡೆ ಹುಡುಗರು ದಿಮ್ಮಿಯ ಹಿಂದೆ ನಿಂತು ಹೆಗಲು ಕೊಡುತ್ತಾರೆ, ಅದನ್ನು ಬಿಡಿಸಿ. ಹಗ್ಗ ಕಡಿದರೆ ಓಡಲು ಸಮಯ ಇರುವುದಿಲ್ಲ.

ಹಂತ 5: ಕಟ್ಟುವುದು

ಕನಿಷ್ಠ ಮೂರು ಕಡೆ ಅಡ್ಡ ಕಟ್ಟು: ಮುಂದೆ, ನಡು, ಹಿಂದೆ. ಎರಡು ಸಾಲಾಗಿ, ಮುಂದೊಂದು ರಾಶಿ ಹಿಂದೊಂದು ರಾಶಿ ತುಂಬಿದ್ದರೆ ಪ್ರತಿ ರಾಶಿಗೂ ಎರಡೆರಡು. ಮುಂದಿನ ರಾಶಿ ಕಟ್ಟಿದ್ದಕ್ಕೆ ಹಿಂದಿನದು ನಿಲ್ಲುವುದಿಲ್ಲ.

ಕೊಕ್ಕೆ ಸಿಕ್ಕಿಸುವುದು ಚಾಸಿಗೆ ಸೇರಿದ ಕಬ್ಬಿಣಕ್ಕೆ. ಬಾಡಿಯ ಮರದ ಹಲಗೆಗೆ, ಹಗ್ಗ ಕಟ್ಟುವ ಸಣ್ಣ ಕೊಕ್ಕೆಗೆ ಅಲ್ಲ. ಬೆಲ್ಟಿನ ಚೀಟಿಯಲ್ಲಿ ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುತ್ತದೆ. ಚೀಟಿ ಹರಿದುಹೋದ, ಅಂಚು ಕತ್ತರಿಸಿದ ಬೆಲ್ಟು ಕಸಕ್ಕೆ. ವೈರ್ ಹಗ್ಗದಲ್ಲಿ ಎಳೆ ಎದ್ದಿದ್ದರೆ ಅದೂ ಕಸಕ್ಕೆ. ಒಂದು ಸಣ್ಣ ಪರೀಕ್ಷೆ: ಬಿಗಿದ ಸರಪಳಿಯ ಮೇಲೆ ಹಾರೆಯಿಂದ ತಟ್ಟಿ. ಗಟ್ಟಿ "ಟಣ್" ಅಂದರೆ ಸರಿ. ಸಡಿಲ ಇದ್ದರೆ ಕೊಂಡಿ ಕೊಂಡಿ ಗಲಗಲ ಅನ್ನುತ್ತದೆ.

ಅಕೇಶಿಯಾದ ತೊಗಟೆ ಹಸಿ ಇದ್ದಾಗ ಸಿಪ್ಪೆ ಸಿಪ್ಪೆಯಾಗಿ ಕಿತ್ತು ಬರುತ್ತದೆ. ಸರಪಳಿಯ ಕೆಳಗಿನ ತೊಗಟೆ ಜಾರಿದರೆ ಕಟ್ಟು ಅಷ್ಟೂ ಸಡಿಲ. ಸರಪಳಿ ಕೂರುವ ಜಾಗದಲ್ಲಿ ತೊಗಟೆ ಕೆತ್ತಿ ತೆಗೆದು ಆಮೇಲೆ ಕಟ್ಟಿ. ಇದೊಂದನ್ನು ಮಾಡುವವರು ತುಂಬಾ ಕಡಿಮೆ, ಘಟ್ಟದ ಕೆಳಗೆ ಹೋಗಿ ಕಟ್ಟು ನೋಡಿದಾಗ ವ್ಯತ್ಯಾಸ ಕಾಣುತ್ತದೆ.

ಹಂತ 6: ಕಾಟಾ, ಮತ್ತು ಮೊದಲ ನಿಲುಗಡೆ

ತುಂಬಿದ ಲಾರಿಯನ್ನು ಕಾಟಾಕ್ಕೆ (ಲಾರಿ ತೂಗುವ ವೇಬ್ರಿಡ್ಜಿಗೆ) ಹತ್ತಿಸಿ ಚೀಟಿ ತೆಗೆದುಕೊಳ್ಳಿ. ಖಾಲಿ ಇದ್ದಾಗಲೂ ತೂಗಿಸಿದ್ದರೆ ಇನ್ನೂ ಒಳ್ಳೆಯದು. ಮಿಲ್ಲಿನವರ ಜೊತೆ ತೂಕದ ತಕರಾರು ಬಂದಾಗ ಉಪಯೋಗಕ್ಕೆ ಬರುತ್ತದೆ.

ಹೊರಟು ಐದಾರು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ. ದಿಮ್ಮಿಗಳು ಕುಲುಕಿ ಕೆಳಗೆ ಕೂತಿರುತ್ತವೆ, ಕಟ್ಟು ಸಡಿಲ ಆಗಿಯೇ ಆಗಿರುತ್ತದೆ. ಬಿಗಿ ಮಾಡಿ. ರಾಗಿಹೊಸಳ್ಳಿ ದಾಟಿ ಘಟ್ಟ ಇಳಿಯುವ ಮೊದಲು ಮತ್ತೊಮ್ಮೆ. ಹೇಗೂ ದೇವಿಮನೆಯಲ್ಲಿ ಕೈ ಮುಗಿಯಲು ನಿಲ್ಲಿಸುತ್ತೀರಿ. ಕವಳ (ಎಲೆ-ಅಡಿಕೆ) ಹಾಕಿಕೊಂಡು ಹಾಗೇ ಒಂದು ಸುತ್ತು ಬನ್ನಿ, ಸರಪಳಿ ತಟ್ಟಿ, ಡ್ರಮ್ಮಿನ ಹತ್ತಿರ ಕೈ ಒಡ್ಡಿ ಬಿಸಿ ನೋಡಿ, ಗಾಳಿ ಪೂರ್ತಿ ತುಂಬಿದೆಯಾ ನೋಡಿ.

ಹಂತ 7: ಘಟ್ಟ ಇಳಿಯುವುದು

ಶಿರಸಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಕುಮಟಾ ಸಮುದ್ರದ ಮಗ್ಗುಲಲ್ಲಿ. ಆ ಎತ್ತರದ ಬಹುಪಾಲನ್ನು ಕಳೆದುಕೊಳ್ಳುವುದು ದೇವಿಮನೆ ಘಟ್ಟದಲ್ಲಿ, ತುಂಬಿದ ಲಾರಿಯಲ್ಲಿ. ಮೇಲಿನಿಂದ ಕೆಳಕ್ಕೆ ನಾಟಾ ಸಾಗಿಸುವವರಿಗೆ ಇರುವ ಶಾಪ ಇದು: ಏರುವಾಗ ಖಾಲಿ, ಇಳಿಯುವಾಗ ಭಾರ.

ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಇದೇ ಭಾರದಲ್ಲಿ ಈ ಏರು ಹತ್ತಬೇಕಾಗಿದ್ದರೆ ಯಾವ ಗೇರ್ ಹಾಕುತ್ತಿದ್ದಿರೋ ಅದೇ ಗೇರ್, ಇಲ್ಲವೇ ಅದಕ್ಕಿಂತ ಒಂದು ಕೆಳಗೆ. ವೇಗ ಹಿಡಿದ ಮೇಲೆ ಕೆಳಗಿನ ಗೇರ್ ಬೀಳುವುದಿಲ್ಲ, ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡು ಇಂಜಿನ್ ಹಿಡಿತವೂ ಹೋಗುತ್ತದೆ. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡುವ ಚಾಳಿ ಇರುವ ಡ್ರೈವರ್ ಆಗಿದ್ದರೆ ನಾಟಾ ಲೋಡಿಗೆ ಕರೆಯಬೇಡಿ. ಎಷ್ಟೇ ಹುಷಾರಿ ಆಗಿರಲಿ.

ವೇಗ ತಡೆಯುವುದು ಇಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕಿನ ಕೆಲಸ. ಕಾಲಿನ ಬ್ರೇಕು ಅದಕ್ಕೆ ಸಹಾಯ ಅಷ್ಟೇ. ವೇಗ ಹೆಚ್ಚಾಯಿತು ಅನ್ನಿಸಿದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಕಾಲನ್ನು ಬ್ರೇಕಿನ ಮೇಲೆ ಇಟ್ಟೇ ಇಳಿದರೆ ಬ್ರೇಕ್ ಲೈನರ್ ತಣ್ಣಗಾಗುವುದೇ ಇಲ್ಲ. ಪದೇ ಪದೇ ಟಪಟಪ ಒತ್ತಿದರೆ ಗಾಳಿ ಖಾಲಿ.

ಎಚ್ಚರಿಕೆಯ ಗುರುತುಗಳು ಇವು, ಬರುವ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಸುಟ್ಟ ವಾಸನೆ. ಆಮೇಲೆ ಅದೇ ವೇಗಕ್ಕೆ ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುವುದು. ಆಮೇಲೆ ಚಕ್ರದಿಂದ ಹೊಗೆ. ವಾಸನೆ ಬಂದಾಗಲೇ ಅಗಲ ಇರುವ ಕಡೆ ನಿಲ್ಲಿಸಿದರೆ ಅರ್ಧ ಗಂಟೆ ಹೋಗುತ್ತದೆ, ಅಷ್ಟೇ. ಎರಡನೆಯ ಗುರುತಿನವರೆಗೆ ಕಾಯುವವರು ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಮೂರನೆಯದು ಬಂದಿರುತ್ತದೆ. ನಿಲ್ಲಿಸಿದಾಗ ಗೇರ್‌ನಲ್ಲಿ ಹಾಕಿ, ಚಕ್ರಕ್ಕೆ ಅಡ್ಡ ಕೊಡಿ, ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ. ಡ್ರಮ್ ಬಿರುಕು ಬಿಡುತ್ತದೆ. ಹೊರಡುವಾಗ ಆ ಅಡ್ಡ ತುಂಡನ್ನು ಎತ್ತಿಕೊಳ್ಳಿ ಮಾರಾಯ್ರೇ. ರಸ್ತೆ ನಡುವೆ ಬಿಟ್ಟ ಕಲ್ಲು-ಕಟ್ಟಿಗೆಗೆ ರಾತ್ರಿ ಬೈಕಿನವರು ಬೀಳುತ್ತಾರೆ.

ಹಿಡಿತ ತಪ್ಪಿಯೇಬಿಟ್ಟಿತು ಅಂದರೆ ಗೇರ್ ತೆಗೆಯಬೇಡಿ, ಎಕ್ಸಾಸ್ಟ್ ಬ್ರೇಕ್ ಬಿಡಬೇಡಿ, ಹ್ಯಾಂಡ್‌ಬ್ರೇಕ್ ಹಾಕಿ, ಲಾರಿಯನ್ನು ಗುಡ್ಡದ ಕಡೆಗೆ ಉಜ್ಜಿಸಿ. ಕಣಿವೆಯ ಕಡೆ ಅಲ್ಲ. ಬಾಡಿ ಹಾಳಾಗಲಿ.

ತಿರುವಿನಲ್ಲಿ ಮೇಲೆ ಬರುವ ಬಸ್ಸಿಗೆ ಮೊದಲ ದಾರಿ. ಭಾರದ ಲಾರಿ ತಿರುವಿನ ನಡುವೆ ಬ್ರೇಕ್ ಹಾಕಿದರೆ ರಾಶಿ ಹೊರಕ್ಕೆ ವಾಲುತ್ತದೆ. ವೇಗ ತಿರುವಿನ ಮೊದಲೇ ಇಳಿದಿರಬೇಕು. ಕತಗಾಲ ಬಂತು ಅಂದರೆ ಘಟ್ಟ ಮುಗಿಯಿತು, ಅಲ್ಲಿ ಒಮ್ಮೆ ಕಟ್ಟು ನೋಡಿ.

ಹಂತ 8: ಚೆಕ್‌ಪೋಸ್ಟು ಮತ್ತು ದಾರಿ ಬದಲು

ಚೆಕ್‌ಪೋಸ್ಟಿನಲ್ಲಿ ನೀವೇ ಇಳಿದು ಹೋಗಿ, ಕಾಗದ ಕೈಯಲ್ಲಿ ಹಿಡಿದು, "ಸಾಹೇಬ್ರೇ, ಇಷ್ಟು ದಿಮ್ಮಿ, ಎಲ್ಲಾ ನಂಬರ್ ಹಿಂದೆಯೇ ಕಾಣಿಸುತ್ತವೆ" ಅನ್ನಿ. ಪಾಸಿನ ಮೇಲೆ ಸಹಿ-ಸಮಯ ಹಾಕಿಸಿಕೊಳ್ಳದೆ ಮುಂದೆ ಹೋಗಬೇಡಿ. ಗೇಟ್ ತೆರೆದೇ ಇತ್ತು, ಹಾಗೇ ಬಂದೆ ಅಂದರೆ ಮುಂದಿನವರು ಅದನ್ನು ತಪ್ಪಿಸಿಕೊಂಡು ಬಂದದ್ದು ಅಂತಲೇ ಓದುತ್ತಾರೆ.

ಲಾರಿ ಕೆಟ್ಟು ನಿಂತರೆ ಸುಮ್ನೆ ಬೇರೆ ಲಾರಿಗೆ ಮಾಲು ಬದಲಿಸಬೇಡಿ. ಪಾಸಿನಲ್ಲಿ ಇರುವುದು ಮೊದಲ ಲಾರಿಯ ನಂಬರ್. ಪಾಸ್ ಕೊಟ್ಟ ರೇಂಜಿಗೆ, ಹತ್ತಿರದ ಚೆಕ್‌ಪೋಸ್ಟಿಗೆ ತಿಳಿಸಿ, ಬರಹದಲ್ಲಿ ದಾಖಲು ಮಾಡಿಸಿ, ಆಮೇಲೆ ಬದಲಿಸಿ. ಇ-ವೇ ಬಿಲ್ಲಿನಲ್ಲಿ ವಾಹನದ ನಂಬರನ್ನೂ ಬದಲಾಯಿಸಬೇಕು.

ದಾರಿಯ ವಿಷಯ ಮಳೆಗಾಲದಲ್ಲಿ ಬರುತ್ತದೆ. ದೇವಿಮನೆ ಬಂದ್ ಆಯಿತು, ಭಾರಿ ವಾಹನ ಬಿಡುತ್ತಿಲ್ಲ ಅಂದಾಗ ಡ್ರೈವರ್ ತಾನೇ ತೀರ್ಮಾನ ಮಾಡಿ ಯಲ್ಲಾಪುರ ಸುತ್ತಿ ಅರಬೈಲ್ ಘಟ್ಟದಲ್ಲಿ ಅಂಕೋಲಾಕ್ಕೆ ಇಳಿಯುತ್ತಾನೆ, ಇಲ್ಲಾ ಸಿದ್ದಾಪುರದ ಕಡೆ ತಿರುಗಿಸುತ್ತಾನೆ. ಪಾಸಿನಲ್ಲಿ ದೇವಿಮನೆ ಅಂತ ಇದ್ದು ಲಾರಿ ಅರಬೈಲಿನಲ್ಲಿ ಸಿಕ್ಕರೆ ಮಾಲು ಸಾಚಾ ಆದರೂ ಕಾಗದ ಸುಳ್ಳಾಗುತ್ತದೆ. ಹೊರಡುವ ಬೆಳಿಗ್ಗೆಯೇ ರಸ್ತೆ ವಿಚಾರಿಸಿ. ಬಂದ್ ಇದ್ದರೆ ಪಾಸಿನಲ್ಲಿ ದಾರಿ ಬದಲಿಸಿಕೊಂಡೇ ಹೊರಡಿ.

ಹಂತ 9: ಮಳೆಗಾಲ

ನನ್ನನ್ನು ಕೇಳಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸ ಬೇಡ. ಹಣದ ತುರ್ತು ಇದ್ದೇ ಇರುತ್ತದೆ, ಗೊತ್ತು. ಮಾಡಲೇಬೇಕಾದರೆ ಎರಡು ಮಾತು. ಮಳೆ ನೆನೆದ ದಿಮ್ಮಿ ಇನ್ನೂ ಭಾರ, ಹಾಗಾಗಿ ಹಂತ 3ರ ಲೆಕ್ಕದಿಂದ ಇನ್ನೊಂದು ಟನ್ ಕಡಿಮೆ ತುಂಬಿ. ಮತ್ತೆ, ಕಡಿದ ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಬೇಡಿ. ಕುಮಟಾ ದಾಟಿ ಕಾರವಾರದ ಕಡೆಗೆ ಹೋಗುವವರಿಗೆ ಇದು ಹೆಚ್ಚು ಅನ್ವಯ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಕುಸಿದಾಗ ನಾಟಾ ತುಂಬಿದ ಲಾರಿಯೊಂದು ಡ್ರೈವರ್ ಸಮೇತ ಗಂಗಾವಳಿ ಹೊಳೆಗೆ ಹೋಯಿತು. ಅದು ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಚಹಾ ಕುಡಿಯಲು, ನಿದ್ದೆ ಮಾಡಲು ಬಯಲು ಇರುವ ಜಾಗ ನೋಡಿ. ಗುಡ್ಡದಿಂದ ಕೆಂಪು ನೀರು ಹೊಸದಾಗಿ ಒಸರುತ್ತಿದ್ದರೆ, ಸಣ್ಣ ಕಲ್ಲು ಉರುಳುತ್ತಿದ್ದರೆ, ಚಹಾ ಅಲ್ಲೇ ಬಿಟ್ಟು ಹೊರಡಿ.

ಹಂತ 10: ಇಳಿಸುವುದು

ಮಿಲ್ಲು ಬಂತು ಅಂದ ತಕ್ಷಣ ಎಲ್ಲರ ಮೈ ಸಡಿಲ. ಅಪಾಯ ಇಲ್ಲೂ ಇದೆ. ದಾರಿಯಲ್ಲಿ ಸರಿದ ದಿಮ್ಮಿಯ ಭಾರವನ್ನು ಆ ಸರಪಳಿಯೇ ತಡೆದು ನಿಂತಿರಬಹುದು. ಬಿಚ್ಚುವ ಮೊದಲು ಎರಡೂ ಬದಿ ನೋಡಿ. ಯಾವ ಗೂಟ ಹೊರಕ್ಕೆ ಬಾಗಿದೆ, ಯಾವ ದಿಮ್ಮಿ ಗೂಟದ ಮೇಲೆ ಏರಿದೆ? ಆ ಬದಿಯಲ್ಲಿ ಯಾರೂ ನಿಲ್ಲಬಾರದು. ಕ್ರೇನ್ ಇದ್ದರೆ ಆ ದಿಮ್ಮಿಗೆ ಮೊದಲು ಕ್ರೇನಿನ ಹಿಡಿತ ಕೊಟ್ಟು ಆಮೇಲೆ ಕಟ್ಟು ಬಿಚ್ಚಿ. ಒಂದೊಂದೇ ಸರಪಳಿ, ಎದುರಿನ ಬದಿಯಿಂದ, ನಿಧಾನಕ್ಕೆ. ಗೂಟ ಕೀಳುವುದು ಕೊನೆಗೆ. ಗೂಟ ತೆಗೆದು ರಾಶಿಯನ್ನು ಒಟ್ಟಿಗೇ ಉರುಳಿಸಿಬಿಡುವ ಪದ್ಧತಿ ಬೇಗ ಆಗುತ್ತದೆ, ಕಾಲು ಹೋಗುವುದೂ ಅದರಲ್ಲೇ.

ಇಳಿಸುತ್ತಿದ್ದಂತೆ ಮಿಲ್ಲಿನವರ ಜೊತೆ ನಿಂತು ಪಟ್ಟಿಯ ನಂಬರಿಗೆ ಟಿಕ್ ಹಾಕಿಸಿ. ಪಾಸನ್ನು ಅವರ ರಿಜಿಸ್ಟರಿನಲ್ಲಿ ದಾಖಲು ಮಾಡಿಸಿ. ಪಾಸಿನ, ಕಾಟಾ ಚೀಟಿಯ, ಇ-ವೇ ಬಿಲ್ಲಿನ ಫೋಟೋ ಫೋನಿನಲ್ಲಿ ಇರಲಿ, ಮೂಲ ಕೊಟ್ಟ ಮೇಲೆ ನಿಮ್ಮ ಹತ್ತಿರ ಉಳಿಯುವುದು ಅಷ್ಟೇ. ಅದೇ ಪಾಸನ್ನು ಎರಡನೇ ಟ್ರಿಪ್ಪಿಗೂ ಬಳಸೋಣ ಅಂತ ಯಾರಾದರೂ ಹೇಳಿದರೆ ಆ ವ್ಯಾಪಾರಿಯ ಜೊತೆ ಮುಂದಿನ ಲೋಡೇ ಬೇಡ.

ವಾಪಸ್ ಹೊರಡುವ ಮೊದಲು ಬಾಡಿ ಗುಡಿಸಿ. ಬಿದ್ದಿರುವ ನಂಬರ್ ಇಲ್ಲದ ನಾಲ್ಕು ತುಂಡು ಕಟ್ಟಿಗೆಯನ್ನು ಬಚ್ಚಲು ಒಲೆಗೆ ಆಗುತ್ತದೆ ಅಂತ ಇಟ್ಟುಕೊಂಡು ಬಂದರೆ ಚೆಕ್‌ಪೋಸ್ಟಿನಲ್ಲಿ ಅದಕ್ಕೂ ಉತ್ತರ ಕೊಡಬೇಕು.